ಮೀಟದೆ ನುಡಿಯುವ ತಂತಿ
ಅಮೆರಿಕದ 'ಸ್ಟಿಕ್' ವಾದ್ಯ ಹುಟ್ಟಿದ ಬಗೆ, ಅದನ್ನು ಕಲಿಯುವವರ ಪಾಡು

ತಂತಿವಾದ್ಯ ನುಡಿಸುವವರ ಎರಡು ಕೈಗಳಿಗೂ ಬಹು ಹಿಂದಿನಿಂದ ಬೇರೆ ಬೇರೆ ಕೆಲಸ. ವೀಣೆಯಲ್ಲಿ ಎಡಗೈ ಮೆಟ್ಟಿಲಿನ ಮೇಲೆ ತಂತಿಯನ್ನು ಒತ್ತಿ ಸ್ವರಸ್ಥಾನ ಹಿಡಿಯುತ್ತದೆ, ಬಲಗೈ ಮೀಟುತ್ತದೆ. ಪಿಟೀಲಿನಲ್ಲಿ ಬಲಗೈಗೆ ಕಮಾನು ಸಿಕ್ಕಿದೆ. ಗಿಟಾರಿನದೂ ಇದೇ ಕಥೆ. ಒಂದು ಸ್ವರ ಹುಟ್ಟಬೇಕಾದರೆ ಎರಡು ಕೈಗಳೂ ಕೂಡಬೇಕು. ಪಿಯಾನೋ ನುಡಿಸುವವರಿಗೆ ಈ ಕಟ್ಟುಪಾಡಿಲ್ಲ. ಅವರ ಒಂದು ಕೈ ಒಂದು ರಾಗ ನುಡಿಸುತ್ತಿದ್ದರೆ ಇನ್ನೊಂದು ಕೈ ಬೇರೊಂದನ್ನು ನುಡಿಸಬಹುದು. ಹಾಗಾದರೆ ತಂತಿವಾದ್ಯದಲ್ಲಿ ಎರಡು ಕೈಗಳಿಗೂ ಸ್ವಾತಂತ್ರ್ಯ ಕೊಡಲು ಸಾಧ್ಯವಿಲ್ಲವೇ?

ಸಾಧ್ಯವಿದೆ ಎಂದು ತೋರಿಸಿದವರು ಅಮೆರಿಕದ ಜಾಸ್ ಗಿಟಾರ್ ವಾದಕ ಎಮೆಟ್ ಚಾಪ್‌ಮನ್. 1936ರಲ್ಲಿ ಹುಟ್ಟಿದ ಅವರು 1960ರ ದಶಕದಲ್ಲಿ ತಮ್ಮ ಕೈಯಾರೆ ಒಂಬತ್ತು ತಂತಿಗಳ ಉದ್ದನೆಯ ಗಿಟಾರೊಂದನ್ನು ಮಾಡಿಕೊಂಡಿದ್ದರು. 1969ರ ಆಗಸ್ಟ್ 26ರಂದು ಲಾಸ್ ಏಂಜಲಿಸ್‌ನ ಲಾರೆಲ್ ಕ್ಯಾನಿಯನ್ ಪ್ರದೇಶದ ತಮ್ಮ ಮನೆಯಲ್ಲಿ ನುಡಿಸುತ್ತಿದ್ದಾಗ ಅವರಿಗೆ ಹೊಸ ವಿಧಾನವೊಂದು ಹೊಳೆಯಿತು. ಗಿಟಾರಿನ ಕತ್ತನ್ನು ಹೆಚ್ಚು ಕಡಿಮೆ ನೆಟ್ಟಗೆ ನಿಲ್ಲಿಸಿ, ಎಡಗೈಯನ್ನು ಒಂದು ಅಂಚಿನಿಂದಲೂ ಬಲಗೈಯನ್ನು ಎದುರು ಅಂಚಿನಿಂದಲೂ ತಂದು, ಎರಡೂ ಕೈಗಳ ಬೆರಳುಗಳಿಂದ ತಂತಿಯನ್ನು ಮೆಟ್ಟಿಲಿಗೆ ತಟ್ಟುವುದು ಆ ವಿಧಾನ. ಮೀಟುವ ಕೆಲಸವೇ ಇಲ್ಲ. ತಟ್ಟಿದ ಬೆರಳೇ ಸ್ವರಸ್ಥಾನವನ್ನು ಹಿಡಿಯುತ್ತದೆ, ನಾದವನ್ನೂ ಹುಟ್ಟಿಸುತ್ತದೆ. ಚಾಪ್‌ಮನ್ ಇದನ್ನು 'ಫ್ರೀ ಹ್ಯಾಂಡ್ಸ್' ಎಂದು ಕರೆದರು. ಕೈಗಳಿಗೆ ಬಿಡುಗಡೆ ಎಂಬ ಅರ್ಥದ ಹೆಸರು ಅದು.

ಹಳೆಯ ಬೇರುಗಳು

ತಂತಿಯನ್ನು ತಟ್ಟಿ ನುಡಿಸುವುದು ಅಂದು ಮೊಟ್ಟಮೊದಲ ಬಾರಿಗೆ ಹುಟ್ಟಿದ ಉಪಾಯವೇನೂ ಅಲ್ಲ. ಯುರೋಪಿನಲ್ಲಿ ಪಿಯಾನೋ ಬರುವುದಕ್ಕೂ ಮೊದಲು ಕ್ಲಾವಿಕಾರ್ಡ್ ಎಂಬ ವಾದ್ಯವಿತ್ತು. ಅದರ ಮನೆಯನ್ನು ಒತ್ತಿದರೆ ಸಣ್ಣ ಹಿತ್ತಾಳೆ ಪಟ್ಟಿಯೊಂದು ಮೇಲೆದ್ದು ತಂತಿಗೆ ತಾಗಿ, ಬೆರಳು ತೆಗೆಯುವವರೆಗೂ ಅಲ್ಲಿಯೇ ನಿಲ್ಲುತ್ತಿತ್ತು. ತಂತಿಯನ್ನು ನುಡಿಸುವುದೂ ಅದರ ಸ್ವರವನ್ನು ನಿರ್ಧರಿಸುವುದೂ ಆ ಒಂದೇ ಪಟ್ಟಿಯ ಕೆಲಸ. ಒತ್ತಿದ ಮನೆಯನ್ನು ಬೆರಳಿನಿಂದ ಅಲುಗಿಸಿದರೆ ಸ್ವರಕ್ಕೆ ಸಣ್ಣ ಕಂಪನವೂ ಬರುತ್ತಿತ್ತು. ಆದರೆ ಆ ವಾದ್ಯದ ದನಿ ತೀರಾ ಮೆಲು. ಮನೆಯ ಕೋಣೆಗೆ ಸಾಕು, ಸಭೆಗೆ ಸಾಲದು.

ಗಿಟಾರಿನ ಕೊರತೆಯೂ ಇದೇ ಆಗಿತ್ತು. ಬೆರಳಿನಿಂದ ತಟ್ಟಿದ ತಂತಿ ಮೀಟಿದ ತಂತಿಯಷ್ಟು ಜೋರಾಗಿ ನುಡಿಯುವುದಿಲ್ಲ. 1930ರ ದಶಕದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಂದ ಮೇಲೆ ಈ ತೊಡಕು ನಿವಾರಣೆಯಾಯಿತು. ತಂತಿಯ ಕಂಪನವನ್ನು ಪಿಕಪ್ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಹೀಗಾಗಿ ಮೆಲ್ಲಗೆ ತಟ್ಟಿದರೂ ದೊಡ್ಡ ದನಿ ಬರತೊಡಗಿತು. ಅಮೆರಿಕದ ಜಿಮ್ಮಿ ವೆಬ್‌ಸ್ಟರ್ ಎಂಬ ಗಿಟಾರ್ ವಾದಕರು ಎರಡೂ ಕೈಗಳಿಂದ ತಟ್ಟಿ ನುಡಿಸುವ ಕ್ರಮವನ್ನು ರೂಢಿಸಿಕೊಂಡು 1952ರಲ್ಲಿ ಅದಕ್ಕೊಂದು ಪಾಠಪುಸ್ತಕವನ್ನೇ ಬರೆದರು. ಡೇವ್ ಬಂಕರ್ ಎಂಬವರು ತಟ್ಟಿ ನುಡಿಸಲೆಂದೇ ಎರಡು ಕತ್ತುಗಳ ಗಿಟಾರ್ ತಯಾರಿಸಿದರು. ಇಟಲಿಯಲ್ಲಿ ವಿಟ್ಟೋರಿಯೊ ಕಾಮರ್ಡೇಸೆ ಎಂಬ ವೈದ್ಯರು 1965ರಲ್ಲಿ ಟೆಲಿವಿಷನ್ನಿನಲ್ಲಿ ಈ ಕೈಚಳಕ ತೋರಿಸಿ ನೋಡುಗರನ್ನು ಬೆರಗುಗೊಳಿಸಿದ್ದರು.

ಹಾಗಿದ್ದರೆ ಚಾಪ್‌ಮನ್ ಅವರ ಹೆಚ್ಚುಗಾರಿಕೆ ಏನು? ಎರಡು ಕೈಗಳನ್ನೂ ಸಮಾನವಾಗಿ ಕಂಡದ್ದು ಎನ್ನಬಹುದು. ಬಲಗೈಯ ಬೆರಳುಗಳೂ ಎಡಗೈಯಂತೆಯೇ ಮೆಟ್ಟಿಲುಗಳಿಗೆ ಸಮಾನಾಂತರವಾಗಿ ಸಾಲಾಗಿ ನಿಲ್ಲುವಂತೆ ಅವರು ಕೈಯನ್ನು ಇರಿಸಿದರು. ಇದರಿಂದ ಎಡಗೈಯ ನಾಲ್ಕು ಬೆರಳು ಮಾಡಬಲ್ಲದ್ದನ್ನೆಲ್ಲ ಬಲಗೈಯ ನಾಲ್ಕು ಬೆರಳೂ ಮಾಡುವಂತಾಯಿತು. ಇನ್ನೊಂದು ಮುಖ್ಯ ಸಂಗತಿಯೆಂದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ತಮ್ಮ ವಿಧಾನಕ್ಕೆ ಗಿಟಾರ್ ಹೊಂದುವುದಿಲ್ಲ ಎಂದು ಮನಗಂಡು ಹೊಸ ವಾದ್ಯವನ್ನೇ ಕಟ್ಟಿದರು.

ಕೋಲಿನಂಥ ವಾದ್ಯ

ಮೀಟುವುದೇ ಇಲ್ಲವೆಂದ ಮೇಲೆ ಗಿಟಾರಿನ ದೊಡ್ಡ ಒಡಲು ಏಕೆ? ಚಾಪ್‌ಮನ್ ಅದನ್ನು ತೆಗೆದುಹಾಕಿದರು. ಉಳಿದದ್ದು ಕತ್ತಿನ ಹಲಗೆಯೊಂದೇ. ಅಗಲವಾದ ಉದ್ದನೆಯ ಕೋಲಿನಂತೆ ಕಾಣುವ ಈ ವಾದ್ಯಕ್ಕೆ 'ಸ್ಟಿಕ್' ಎಂಬ ಹೆಸರು ಅನ್ವರ್ಥವಾಗಿಯೇ ಬಂತು. 1974ರಲ್ಲಿ ಅವರು ಅದನ್ನು ತಯಾರಿಸಿ ಮಾರಲು ಆರಂಭಿಸಿದರು. ಅದೇ ವರ್ಷ ಅಮೆರಿಕದ ಜನಪ್ರಿಯ ಟೆಲಿವಿಷನ್ ಆಟ 'ವಾಟ್ಸ್ ಮೈ ಲೈನ್?'ನಲ್ಲೂ ಕಾಣಿಸಿಕೊಂಡರು. ಅತಿಥಿಯ ಕಸುಬು ಏನೆಂದು ಊಹಿಸುವುದು ಆ ಆಟದ ಸ್ವಾರಸ್ಯ. ಇಂಥ ವಾದ್ಯವೊಂದಿದೆ ಎಂಬುದೇ ಗೊತ್ತಿಲ್ಲದ ಕಾಲದಲ್ಲಿ ಚಾಪ್‌ಮನ್ ಅವರ ಕಸುಬು ಆಟಕ್ಕೆ ಹೇಳಿ ಮಾಡಿಸಿದಂತಿತ್ತು.

ಮೂಲ ಸ್ಟಿಕ್‌ಗೆ ಹತ್ತು ತಂತಿಗಳು. ಐದು ಮೇಲಿನ ಸ್ಥಾಯಿಯ ರಾಗಕ್ಕೆ, ಐದು ಕೆಳಗಿನ ಸ್ಥಾಯಿಯ ಬೇಸ್‌ಗೆ. ಎರಡು ಗುಂಪಿನ ಅತಿ ತಗ್ಗಿನ ತಂತಿಗಳು ನಡುವೆ ಅಕ್ಕಪಕ್ಕದಲ್ಲಿರುತ್ತವೆ. ಅಲ್ಲಿಂದ ಎರಡೂ ಅಂಚುಗಳ ಕಡೆಗೆ ಹೋದಂತೆ ಶ್ರುತಿ ಏರುತ್ತದೆ. ಬೇಸ್ ತಂತಿಗಳನ್ನು ಒಂದರಿಂದ ಒಂದಕ್ಕೆ ಷಡ್ಜ-ಪಂಚಮದ ಅಂತರದಲ್ಲೂ ರಾಗದ ತಂತಿಗಳನ್ನು ಷಡ್ಜ-ಶುದ್ಧ ಮಧ್ಯಮದ ಅಂತರದಲ್ಲೂ ಶ್ರುತಿ ಮಾಡುವುದು ವಾಡಿಕೆ. ಎರಡು ಗುಂಪಿಗೂ ಬೇರೆ ಬೇರೆ ಪಿಕಪ್ ಸಂಪರ್ಕ ಇರುವುದರಿಂದ ಎರಡು ದನಿಗಳನ್ನೂ ಬೇರೆ ಬೇರೆ ಆಂಪ್ಲಿಫೈಯರಿಗೆ ಕಳಿಸಬಹುದು. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿರುವಂತೆ ಭಾಸವಾಗುತ್ತದೆ.

ತಂತಿಗಳು ಮೆಟ್ಟಿಲಿಗೆ ತೀರಾ ಹತ್ತಿರವಾಗಿರುತ್ತವೆ. ಬೆರಳು ಸ್ವಲ್ಪವೇ ತಗ್ಗಿದರೂ ಸ್ವರ ಹುಟ್ಟಬೇಕು. ತಟ್ಟಿದಾಗ ಬೆರಳಿನ ಎರಡೂ ಬದಿಗೆ ತಂತಿ ಕಂಪಿಸುತ್ತದೆ. ಕುದುರೆಯ ಕಡೆಗಿನ ಕಂಪನ ಬೇಕು, ಬಿರಡೆಯ ಕಡೆಗಿನದು ಬೇಡ. ಅದಕ್ಕಾಗಿ ಹಲಗೆಯ ಮೇಲ್ತುದಿಯಲ್ಲಿ ತಂತಿಗಳನ್ನು ಮೆತ್ತಗೆ ಒತ್ತಿ ಹಿಡಿಯುವ ತಡೆಯೊಂದಿದೆ. ಬೆರಳು ತೆಗೆದ ಕೂಡಲೇ ತಂತಿ ಮೌನವಾಗುವುದೂ ಇದರಿಂದಲೇ. ಮೊದಲ ಸ್ಟಿಕ್‌ಗಳು ಗಡುಸಾದ ಐರನ್‌ವುಡ್ ಮರದವು. ಮುಂದೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಬೇರೆ ಮರಗಳು, ಬಿದಿರಿನ ಪಟ್ಟಿಗಳನ್ನು ಅಂಟಿಸಿ ಮಾಡಿದ ಹಲಗೆ ಎಲ್ಲವೂ ಬಂದವು. ಎಂಟು ಮತ್ತು ಹನ್ನೆರಡು ತಂತಿಗಳ ಬಗೆಗಳೂ ಸೇರಿಕೊಂಡವು.

ಮೊದಲ ಪಾಠ

ಹೊಸದಾಗಿ ಸ್ಟಿಕ್ ಕೈಗೆತ್ತಿಕೊಂಡವರಿಗೆ ಮೊದಲು ಆಗುವುದು ಸಂತೋಷ. ವೀಣೆ, ಪಿಟೀಲುಗಳಲ್ಲಿ ಒಂದು ಶುದ್ಧ ಸ್ವರ ಹೊರಡಿಸಲು ತಿಂಗಳುಗಟ್ಟಲೆ ಸಾಧನೆ ಬೇಕು. ಇಲ್ಲಿ ಬೆರಳು ತಟ್ಟಿದರೆ ಸಾಕು, ಸ್ವರ ಸಿದ್ಧ. ಬೇಸ್ ಭಾಗದ ಅಕ್ಕಪಕ್ಕದ ಎರಡು ತಂತಿಗಳನ್ನು ಒಂದೇ ಮೆಟ್ಟಿಲಿನ ಮೇಲೆ ಒತ್ತಿದರೆ ಷಡ್ಜ, ಪಂಚಮ ಎರಡೂ ಸಿಗುತ್ತವೆ. ತಂಬೂರಿಯಂಥ ಆಧಾರ ಸಿಕ್ಕಿತು ಎನ್ನಿ. ಅದರ ಮೇಲೆ ಬಲಗೈಯಿಂದ ಒಂದೊಂದೇ ಸ್ವರ ಹಾಕುತ್ತ ಹೋಗಬಹುದು.

ಇನ್ನೊಂದು ಅನುಕೂಲವೂ ಇದೆ. ಗಿಟಾರಿನಲ್ಲಿ ಒಂದು ಜೋಡಿ ತಂತಿಗಳ ನಡುವಿನ ಅಂತರ ಉಳಿದವುಗಳಂತೆ ಇರುವುದಿಲ್ಲ. ಆದ್ದರಿಂದ ಒಂದೆಡೆ ಕಲಿತ ಬೆರಳುಗಳ ಕಟ್ಟು ಇನ್ನೊಂದೆಡೆ ಬದಲಾಗುತ್ತದೆ. ಸ್ಟಿಕ್‌ನ ಒಂದೊಂದು ಗುಂಪಿನಲ್ಲೂ ಅಂತರ ಒಂದೇ ಸಮ. ಒಮ್ಮೆ ಕಲಿತ ಕಟ್ಟನ್ನು ಎಲ್ಲಿಗೆ ಸರಿಸಿದರೂ ಅದು ಹಾಗೆಯೇ ಉಳಿಯುತ್ತದೆ. ಹಲಗೆಯ ಮೇಲಿನ ಗುರುತುಗಳೂ 2, 7, 12, 17, 22ನೆಯ ಮೆಟ್ಟಿಲುಗಳಲ್ಲಿವೆ. ಒಂದು ಗುರುತಿನಿಂದ ಮುಂದಿನದಕ್ಕೆ ಐದು ಮೆಟ್ಟಿಲು, ಅಂದರೆ ಷಡ್ಜದಿಂದ ಶುದ್ಧ ಮಧ್ಯಮದಷ್ಟು ದೂರ. ಒಂದು ರಾಗದ ತಂತಿಯಿಂದ ಪಕ್ಕದ ತಂತಿಗೂ ಅಷ್ಟೇ ದೂರ. ಲೆಕ್ಕ ಹಿಡಿದವರಿಗೆ ಹಲಗೆಯೇ ನಕ್ಷೆಯಾಗುತ್ತದೆ.

ಕಷ್ಟ ಶುರುವಾಗುವುದು ಎರಡು ಕೈಗಳನ್ನೂ ಕೂಡಿಸುವಾಗ. ಎಡಗೈ ನಿಧಾನವಾದ ನಡೆಯಲ್ಲಿರುವಾಗ ಬಲಗೈ ವೇಗದ ರಾಗ ನುಡಿಸಬೇಕು. ಕಲಿಯುವವನ ಬಲಗೈ ಜೋರು ಹಿಡಿದರೆ ಎಡಗೈಯೂ ಅದರ ಬೆನ್ನು ಹತ್ತುತ್ತದೆ. ಒಂದು ಕೈ ತಪ್ಪಿದರೆ ಇನ್ನೊಂದೂ ನಿಲ್ಲುತ್ತದೆ. ಗಿಟಾರ್ ಬಲ್ಲವರು ಬಂದರೆ ಅವರ ಬಲಗೈ ಹಳೆಯ ಚಾಳಿಯಂತೆ ಮೀಟಲು ಹವಣಿಸುತ್ತದೆ. ಪಿಯಾನೋ ಬಲ್ಲವರಿಗೆ ಕೈಗಳ ಸ್ವಾತಂತ್ರ್ಯ ಗೊತ್ತು, ಆದರೆ ತಂತಿಯ ಮೇಲಿನ ದೂರಗಳು ಗೊತ್ತಿಲ್ಲ. ಬೆರಳು ಮೆಟ್ಟಿಲಿಗೆ ಸ್ವಲ್ಪ ಹಿಂದೆ ಬಿದ್ದರೂ ಸ್ವರ ಮಂಕಾಗುತ್ತದೆ, ಜೋರಾಗಿ ಬಡಿದರೆ ಕಟಕಟ ಸದ್ದು ಬರುತ್ತದೆ. ಒಂದೊಂದು ಕೈಯ ಪಾಠವನ್ನೂ ಬೇರೆಯಾಗಿ, ನಿಧಾನವಾಗಿ ಸಾಧಿಸಿ, ಆಮೇಲೆ ಕೂಡಿಸುವುದಲ್ಲದೆ ಬೇರೆ ದಾರಿಯಿಲ್ಲ. ನಮ್ಮ ಸರಳೆ, ಜಂಟಿ ವರಸೆಗಳನ್ನು ಮೂರು ಕಾಲಗಳಲ್ಲಿ ತಿದ್ದಿದವರಿಗೆ ಈ ತಾಳ್ಮೆಯ ಅರ್ಥ ಹೇಳಬೇಕಾಗಿಲ್ಲ.

ಆದರೆ ಸರಳೆ ವರಸೆಯ ಹಿಂದೆ ಶತಮಾನಗಳ ಪಾಠಕ್ರಮವಿದೆ, ಊರೂರಿನಲ್ಲಿ ಗುರುಗಳಿದ್ದಾರೆ. ಸ್ಟಿಕ್ ಕಲಿಯಲು ಹೊರಟ ಮೊದಲಿಗರಿಗೆ ಇವೆರಡೂ ಇರಲಿಲ್ಲ. ವಾದ್ಯ ಮಾರಿದ ಮನುಷ್ಯನೇ ಅದರ ಏಕೈಕ ಗುರುವಾಗಬೇಕಾಯಿತು. 1976ರಲ್ಲಿ ಚಾಪ್‌ಮನ್ 'ಫ್ರೀ ಹ್ಯಾಂಡ್ಸ್' ಹೆಸರಿನಲ್ಲಿಯೇ ಪಾಠಪುಸ್ತಕ ಹೊರತಂದರು. ಮುಂದೆ ವಾದಕ ಗ್ರೆಗ್ ಹೊವರ್ಡ್ ಮತ್ತೊಂದು ಪಠ್ಯ ಬರೆದರು. ಇಂದು ಇಂಟರ್‌ನೆಟ್ ಮೂಲಕ ಪಾಠ ಹೇಳುವವರಿದ್ದಾರೆ. ಆದರೂ ಪಕ್ಕದ ಬೀದಿಯಲ್ಲಿ ಸ್ಟಿಕ್ ಮೇಷ್ಟರು ಸಿಗುವುದು ಅಮೆರಿಕದಲ್ಲೂ ಅಪರೂಪವೇ.

ವೇದಿಕೆಗೆ ಬಂದಾಗ

ವಾದ್ಯವನ್ನು ಜನರಿಗೆ ಮುಟ್ಟಿಸಿದವರು ಹೆಚ್ಚಾಗಿ ಬೇಸ್ ಗಿಟಾರ್ ವಾದಕರು. 'ವೆದರ್ ರಿಪೋರ್ಟ್' ಜಾಸ್ ತಂಡದಲ್ಲಿದ್ದ ಅಲ್ಫಾನ್ಸೊ ಜಾನ್ಸನ್ ಮೊದಲಿಗರಲ್ಲಿ ಒಬ್ಬರು. ಎಲ್ಲರಿಗಿಂತ ಹೆಚ್ಚು ಹೆಸರಾದವರು ಟೋನಿ ಲೆವಿನ್. 1981ರಲ್ಲಿ ಬಂದ ಕಿಂಗ್ ಕ್ರಿಮ್ಸನ್ ತಂಡದ 'ಡಿಸಿಪ್ಲಿನ್' ಧ್ವನಿಮುದ್ರಿಕೆಯ ಮೊದಲ ಹಾಡು ಶುರುವಾಗುವುದೇ ಅವರ ಸ್ಟಿಕ್ ನಾದದಿಂದ. 1984ರ 'ಡ್ಯೂನ್' ಚಲನಚಿತ್ರಕ್ಕಾಗಿ ನಟ ಪ್ಯಾಟ್ರಿಕ್ ಸ್ಟುವರ್ಟ್ ಕೈಯಲ್ಲಿ ಹಿಡಿದ 'ಬ್ಯಾಲಿಸೆಟ್' ಎಂಬ ಭವಿಷ್ಯಕಾಲದ ವಾದ್ಯವೂ ಅಲಂಕಾರ ಮಾಡಿದ ಸ್ಟಿಕ್. ಅದರ ನಾದ ಸ್ವತಃ ಚಾಪ್‌ಮನ್ ಅವರದು. ಚಿತ್ರಮಂದಿರಕ್ಕೆ ಬಂದ ಪ್ರತಿಯಲ್ಲಿ ಆ ದೃಶ್ಯ ಕತ್ತರಿಗೆ ಸಿಕ್ಕಿತ್ತು. ಮುಂದೆ ಬಂದ ದೀರ್ಘ ಪ್ರತಿಯಲ್ಲಿ ಉಳಿಯಿತು.

ಈ ನಡುವೆ 1978ರಲ್ಲಿ ಎಡ್ಡಿ ವ್ಯಾನ್ ಹ್ಯಾಲೆನ್ 'ಇರಪ್ಶನ್' ನುಡಿಸಿದ್ದೇ ತಡ, ತಟ್ಟುವ ತಂತ್ರ ಲೋಕಪ್ರಸಿದ್ಧವಾಯಿತು. ರಾಕ್ ಗಿಟಾರ್ ಹಿಡಿದ ಹುಡುಗರೆಲ್ಲ ಅದನ್ನು ಕಲಿತರು. ಆದರೆ ಅಲ್ಲಿ ಅದು ಮಿಂಚಿನಂತೆ ಬಂದು ಹೋಗುವ ಒಂದು ಅಲಂಕಾರ. ಹಿಡಿದ ವಾದ್ಯ ಹಳೆಯ ಗಿಟಾರೇ, ಮೀಟುವುದೂ ಬಿಟ್ಟಿಲ್ಲ. ಕೆಲವೇ ಕ್ಷಣಗಳ ಅಲಂಕಾರಕ್ಕೆ ಕೋಟ್ಯಂತರ ಕೇಳುಗರು ಸಿಕ್ಕರು. ತಟ್ಟುವುದನ್ನೇ ಪೂರ್ಣ ವಿದ್ಯೆಯಾಗಿ ಕಟ್ಟಿದ ಸ್ಟಿಕ್ ಮಾತ್ರ ಸಣ್ಣ ಬಳಗದ ಆಸ್ತಿಯಾಗಿಯೇ ಉಳಿಯಿತು.

ಗಳಿಸಿದ್ದು, ಕಳೆದದ್ದು

ಇದಕ್ಕೆ ಕಾರಣಗಳಿವೆ. ಮೀಟನ್ನು ಬಿಟ್ಟರೆ ಅದರ ಜೊತೆಗೆ ಹಲವು ಬಣ್ಣಗಳೂ ಹೋಗುತ್ತವೆ. ತಂತಿಯನ್ನು ಉಗುರಿನಿಂದ ಮೀಟುವುದು, ಬೆರಳ ಮೆತುವಿನಿಂದ ಮೀಟುವುದು, ಕುದುರೆಯ ಹತ್ತಿರ ಮೀಟುವುದು, ಎಲ್ಲದರ ನಾದವೂ ಬೇರೆ. ತಟ್ಟಿದ ಸ್ವರದಲ್ಲಿ ಅಷ್ಟು ವೈವಿಧ್ಯ ತರುವುದು ಕಷ್ಟ. ತಂತಿಯನ್ನು ಎಳೆದು ಸ್ವರವನ್ನು ಬಾಗಿಸಬಹುದಾದರೂ ಒಂದೇ ಮೆಟ್ಟಿಲಿನ ಮೇಲೆ ಹಲವು ಸ್ವರಗಳನ್ನು ಎಳೆಯುವ ವೀಣೆಯ ಗಮಕದ ಸುಖ ಬೇರೆಯೇ. ಸ್ಟಿಕ್ ಗಳಿಸಿದ್ದು ಒಬ್ಬನೇ ಇಬ್ಬರಾಗುವ ಶಕ್ತಿಯನ್ನು. ಪಾಶ್ಚಾತ್ಯ ಸಂಗೀತ ಹಲವು ದನಿಗಳ ಮೇಳೈಕೆಗೆ ಬೆಲೆ ಕೊಡುವುದರಿಂದ ಅಲ್ಲಿ ಅದೊಂದು ದೊಡ್ಡ ಗಳಿಕೆ.

ವಾದ್ಯವೊಂದು ಬಾಳಬೇಕಾದರೆ ಅದಕ್ಕೆಂದೇ ಬರೆದ ಕೃತಿಗಳು ಬೇಕು, ರಿಪೇರಿ ಬಲ್ಲ ಕುಶಲಕರ್ಮಿಗಳು ಬೇಕು, ಕಲಿಸುವವರು ಬೇಕು. ಪಿಯಾನೋ 1700ರ ಸುಮಾರಿಗೆ ಹುಟ್ಟಿದರೂ ಮನೆಮನೆಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಲೆಕ್ಕದಲ್ಲಿ ಸ್ಟಿಕ್ ಇನ್ನೂ ಎಳೆಯದು. ಆದರೆ ಎಮೆಟ್ ಚಾಪ್‌ಮನ್ 2021ರ ನವೆಂಬರ್ 1ರಂದು ತೀರಿಕೊಂಡರು. ಒಬ್ಬ ಮನುಷ್ಯನ ಕಲ್ಪನೆ, ಕುಸುರಿ, ಪಾಠ ಮೂರರಿಂದಲೂ ಬೆಳೆದ ವಾದ್ಯ ಈಗ ಶಿಷ್ಯರ ಕೈಯಲ್ಲಿದೆ.

ಅವರ ಕಲ್ಪನೆ ಬೇರೆ ರೂಪಗಳಲ್ಲೂ ಚಿಗುರಿದೆ. ವಾರ್ ಗಿಟಾರ್ ಎಂಬ ವಾದ್ಯದಲ್ಲಿ ಒಡಲು ಮರಳಿ ಬಂದಿದೆ, ಬೇಕಾದರೆ ಮೀಟಲೂಬಹುದು. 2007ರಲ್ಲಿ ಅಮೆರಿಕದ ಟಿಮ್ ಮೀಕ್ಸ್ ರೂಪಿಸಿದ ಹಾರ್ಪೆಜಿಯನ್ನು ಪಿಯಾನೋದಂತೆ ಮುಂದೆ ಮಲಗಿಸಿಟ್ಟು ತಂತಿಗಳನ್ನು ತಟ್ಟುತ್ತಾರೆ. ಅಮೆರಿಕದ ಸ್ಟೀವಿ ವಂಡರ್, ನಮ್ಮ ಎ.ಆರ್. ರೆಹಮಾನ್ ಅದನ್ನು ನುಡಿಸಿದ್ದಾರೆ. ರೆಹಮಾನ್ ಕೈಯಲ್ಲಿ ಆ ವಾದ್ಯ ಕೇಳಿದ ಭಾರತೀಯರಲ್ಲಿ ಅದರ ಹೆಸರು ತಿಳಿದವರು ಕಡಿಮೆ ಇರಬಹುದು.

ಒಂದು ವಾದ್ಯದ ಆಯಸ್ಸನ್ನು ನಿರ್ಧರಿಸುವವರು ವೇದಿಕೆಯ ಮೇಲಿನ ಪ್ರಸಿದ್ಧರಷ್ಟೇ ಅಲ್ಲ. ಕೆಲಸ ಮುಗಿಸಿ ಬಂದು, ಸೊಂಟದ ಬೆಲ್ಟಿಗೆ ಸ್ಟಿಕ್ ಸಿಕ್ಕಿಸಿಕೊಂಡು, ಮಾತು ಕೇಳದ ಎಡಗೈಯನ್ನು ಬಲಗೈಯ ಜೊತೆಗೆ ಒಗ್ಗಿಸಲು ದಿನಕ್ಕೆ ಅರ್ಧ ಗಂಟೆ ಕೂಡುವ ಸಾಮಾನ್ಯ ಕಲಿಕೆಯವರೂ ಅದನ್ನು ಉಳಿಸುತ್ತಾರೆ. ಅವರಲ್ಲಿ ಹತ್ತು ಮಂದಿಗೊಬ್ಬರು ಮುಂದೆ ಇನ್ನೊಬ್ಬರಿಗೆ ಕಲಿಸಿದರೂ ಸಾಕು, ಸ್ಟಿಕ್‌ಗೆ ಒಂದು ಪರಂಪರೆ ಬಂದೀತು.