ಪೇಟಿ ಮಾಸ್ತರರ ಹೆಸರೇನು?

ಬೈಲಹೊಂಗಲ ಸೀಮೆಯಲ್ಲಿ ‘ಸಂಗ್ಯಾ-ಬಾಳ್ಯಾ’ ಗೊತ್ತಿಲ್ಲದವರು ಸಿಗುವುದು ಕಷ್ಟ. ಇದೇ ಊರಲ್ಲಿ ನಡೆಯಿತೆನ್ನುವ ಆ ಕಥೆ ಸಣ್ಣಾಟವಾಗಿ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಗೂ ಹಬ್ಬಿದೆ. ಸಂಗ್ಯಾನ ಪಾತ್ರ ಯಾರದು, ಗಂಗಾ ಯಾರಾಗಿದ್ದರು ಎಂದು ಕೇಳಿದರೆ ಹಿರಿಯರು ಥಟ್ಟನೆ ಹೇಳುತ್ತಾರೆ. ಪೇಟಿ ಬಾರಿಸಿದವರು ಯಾರು ಎಂದರೆ, ‘ಯಾರೋ ಒಬ್ಬ ಮಾಸ್ತರ ಇದ್ದ ನೋಡ್ರಿ’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ನಮ್ಮ ಕಡೆ ಪೇಟಿ ಅಂದರೆ ಹಾರ್ಮೋನಿಯಂ. 1840ರ ದಶಕದಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡರ್ ದೆಬೈನ್ ಈ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. ಕಾಲಿನಿಂದ ತಿದಿ ಒತ್ತಬೇಕಿದ್ದ ಅದನ್ನು ಕಲ್ಕತ್ತಾದ ದ್ವಾರಕಾನಾಥ ಘೋಷ್ ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ತುಂಬಿ ಇನ್ನೊಂದರಲ್ಲಿ ನುಡಿಸುವಂತೆ ಮಾರ್ಪಡಿಸಿದರು. ನಾಟಕ ಕಂಪನಿಗಳು ಮಾತ್ರ ಕಾಲಪೇಟಿಯನ್ನು ಬಿಡಲಿಲ್ಲ. ಅದರಲ್ಲಿ ಎರಡೂ ಕೈ ಖಾಲಿ ಇರುತ್ತವೆ, ದನಿಯೂ ದೊಡ್ಡದು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ನೂರು ದಾಟಿ 2017ರಲ್ಲಿ ತೀರಿಕೊಂಡ ಬಾಳಪ್ಪನವರ ರಂಗಗೀತೆಗಳನ್ನು ಜನ ಇಂದಿಗೂ ನೆನೆಯುತ್ತಾರೆ. ಕಂಪನಿ ನಾಟಕದ ಅಂಥ ಹಾಡುಗಳಿಗೆ ಶ್ರುತಿ ಕೊಟ್ಟು, ನಟ ಉಸಿರು ತೆಗೆದುಕೊಳ್ಳುವಾಗ ಖಾಲಿ ಜಾಗ ತುಂಬುತ್ತಿದ್ದುದು ಪೇಟಿ.

ಇಷ್ಟು ದುಡಿದ ವಾದ್ಯಕ್ಕೆ ಮರ್ಯಾದೆ ಮಾತ್ರ ಸಿಗಲಿಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ದಿಲ್ಲಿಯಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಅದರ ವಿರುದ್ಧ ಬರೆದಿದ್ದರು. ರವೀಂದ್ರನಾಥ ಟ್ಯಾಗೋರರಿಗೂ ಅದು ಹಿಡಿಸಿರಲಿಲ್ಲ. ಆಕ್ಷೇಪಣೆ ಪೂರ್ತಿ ಸುಳ್ಳಲ್ಲ: ಮನೆಗಳ ಸ್ವರ ಮೊದಲೇ ನಿಂತಿರುತ್ತದೆ, ಸಾರಂಗಿಯಂತೆ ಒಂದರಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ. 1971ರಲ್ಲಿ ನಿಷೇಧ ಸಡಿಲವಾಯಿತು, ಆದರೆ ಸಾಥ್‌ಗೆ ಮಾತ್ರ. ಸೋಲೊಗೆ ಮುಂದೆಯೂ ದಶಕಗಳ ಕಾಲ ಬಾಗಿಲು ಮುಚ್ಚಿಯೇ ಇತ್ತು. ಪಕ್ಕದಲ್ಲಿ ಕೂರಬಹುದು, ನಡುವೆ ಕೂರುವಂತಿಲ್ಲ.

ಸಾಥ್ ಕೊಡುವವರು ಎಲ್ಲ ಕಡೆಯೂ ಹೀಗೇ ಕಾದವರಲ್ಲ. ಇಂಗ್ಲೆಂಡಿನ ‘ಯೆಸ್’ ರಾಕ್ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ರಿಕ್ ವೇಕ್‌ಮನ್ 1973ರಲ್ಲಿ ತನ್ನದೇ ಹೆಸರಿನಲ್ಲಿ ವಾದ್ಯಸಂಗೀತದ ಆಲ್ಬಂ ತಂದ. ರಾಜ ಎಂಟನೇ ಹೆನ್ರಿಯ ಆರು ಹೆಂಡಂದಿರು ಅದರ ವಸ್ತು. ತಂಡದ ಗೆಳೆಯರೇ ಅದರಲ್ಲಿ ಅತಿಥಿ ಕಲಾವಿದರು.

ನಮ್ಮಲ್ಲಿ ಆ ನಡುವಿನ ಜಾಗ ಹಿಡಿದವರು ಪಂಡಿತ ರಾಮಭಾವು ಬಿಜಾಪುರೆ. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆಸಿ, ಸಂಗೀತ ವಿದ್ಯಾಲಯ ಕಟ್ಟಿ ತಲೆಮಾರುಗಳಿಗೆ ಪೇಟಿ ಕಲಿಸಿದರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಗೆ ಸಾಥ್ ಕೊಟ್ಟ ಅದೇ ಕೈ, ಬೇರೆ ಬೈಠಕ್‌ಗಳಲ್ಲಿ ತಬಲಾವನ್ನು ಪಕ್ಕಕ್ಕೆ ಕೂರಿಸಿಕೊಂಡು ಸೋಲೊ ನುಡಿಸಿತು. ಹಾಡಿನ ನಡೆಯನ್ನು ಮನೆಗಳ ಮೇಲೆ ತಂದು, ಪೆಟ್ಟಿಗೆಗೂ ಸ್ವಂತ ಮಾತಿದೆ ಎಂದು ತೋರಿಸಿದರು. 2010ರಲ್ಲಿ ಅವರು ತೀರಿಕೊಂಡರು.

ಬಿಜಾಪುರೆಯವರ ಹೆಸರು ಉಳಿಯಿತು. ಸಣ್ಣಾಟದ ಹಿಮ್ಮೇಳದಲ್ಲಿ ಬೆಳತನಕ ಕೂತವರ ಹೆಸರು ಉಳಿಯಲಿಲ್ಲ. ಈಗ ಎಷ್ಟೋ ಜಾತ್ರೆಗಳಲ್ಲಿ ಪೇಟಿಯ ಜಾಗಕ್ಕೆ ಕೀಬೋರ್ಡ್ ಬಂದಿದೆ, ನುಡಿಸುವವರು ಕೂರುವ ಜಾಗ ಮಾತ್ರ ಅದೇ ಮೂಲೆ. ಅವರನ್ನು ಮರೆತದ್ದರಲ್ಲಿ ಆಕಾಶವಾಣಿಯ ತಪ್ಪಷ್ಟೇ ಇಲ್ಲ, ವರದಿ ಬರೆಯುವ ನಮ್ಮದೂ ಇದೆ. ‘ಹಾರ್ಮೋನಿಯಂ ಸಾಥ್ ಇತ್ತು’ ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ಮುಂದಿನ ಜಾತ್ರೆಗೆ ಹೋದಾಗ ಆಟ ಮುಗಿದ ಮೇಲೆ ಆ ಮೂಲೆಗೆ ಹೋಗೋಣ. ‘ಮಾಸ್ತರ, ನಿಮ್ಮ ಹೆಸರೇನ್ರಿ?’ ಎಂದು ಕೇಳಿ ಬರೆದುಕೊಳ್ಳೋಣ.