ಹರಿಯುವ ನೀರಿನಿಂದ ಮಿಲಿವೋಲ್ಟಿಗೆ

ಘಟಪ್ರಭಾ ನದಿ ಮುಧೋಳ ಸೀಮೆ ಮುಟ್ಟುವ ಮೊದಲು ಗೋಕಾಕದ ಬಳಿ ಸುಮಾರು 52 ಮೀಟರ್ ಧುಮುಕುತ್ತದೆ. 1887ರಲ್ಲಿ ಅಲ್ಲಿ ಶುರುವಾದ ಹತ್ತಿ ಗಿರಣಿ ಆ ನೀರಿನ ಬಲದಿಂದಲೇ ನೂಲು ತೆಗೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. ಮಹಾಲಿಂಗಪುರ, ರಬಕವಿ-ಬನಹಟ್ಟಿಗಳ ಪವರ್‌ಲೂಮುಗಳಲ್ಲಿ ನಡೆಯುವುದು ಇದರ ತಿರುವುಮುರುವು: ಕರೆಂಟು ಒಳಗೆ ಬಂದು ಲಾಳಿಯ ಓಟವಾಗುತ್ತದೆ. ಟರ್ಬೈನಾಗಲಿ ಮೋಟಾರಾಗಲಿ, ನಡುವೆ ತಿರುಗುವ ಯಂತ್ರವೊಂದು ಇರಲೇಬೇಕು.

ತಿರುಗಿಸದೆಯೂ ಚಲನೆಯಿಂದ ವಿದ್ಯುತ್ತು ಪಡೆಯಬಹುದೆಂಬುದು ಹಳೆಯ ಅರಿವು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುದಾವೇಶ ಮೂಡುವುದನ್ನು ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದರು. ನ್ಯಾನೋ ಅಳತೆಯ ವಸ್ತುಗಳಲ್ಲಿ ಈ ಹಾದಿ ಹಿಡಿದ ಮೊದಲಿಗರಲ್ಲಿ ಬೆಂಗಳೂರಿನವರೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಶಂಕರ್ ಘೋಷ್ ಮತ್ತು ಎ. ಕೆ. ಸೂದ್, ರಾಮನ್ ಸಂಶೋಧನಾ ಸಂಸ್ಥೆಯ ಎನ್. ಕುಮಾರ್ ಜೊತೆಗೂಡಿ 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಒಂಟಿ ಗೋಡೆಯ ಇಂಗಾಲದ ನ್ಯಾನೋ ಕೊಳವೆಗಳ ಕಂತೆಯ ಮೇಲೆ ದ್ರವ ಹರಿಸಿದಾಗ, ಹರಿವಿನ ದಿಕ್ಕಿನಲ್ಲೇ ವೋಲ್ಟೇಜ್ ಕಾಣಿಸಿಕೊಂಡಿತು. ದ್ರವದ ಅಣುಗಳ ಅಸ್ಥಿರ ವಿದ್ಯುತ್ ಕ್ಷೇತ್ರವು ಕೊಳವೆಯೊಳಗಿನ ಎಲೆಕ್ಟ್ರಾನುಗಳನ್ನು ತಳ್ಳುತ್ತದೆ ಎಂಬುದು ಅವರು ಕೊಟ್ಟ ಕಾರಣ. ದ್ರವದಲ್ಲಿ ಅಯಾನುಗಳು ಎಷ್ಟಿವೆ, ಅದರ ಅಣುಗಳು ಎಷ್ಟು ಧ್ರುವೀಯ ಎಂಬುದರ ಮೇಲೆ ವೋಲ್ಟೇಜ್ ಏರಿಳಿಯುತ್ತಿತ್ತು.

ಈ ಪ್ರಯೋಗದ ನಿಜವಾದ ಸ್ವಾರಸ್ಯ ಅಂಕಿಯಲ್ಲಿದೆ. ವೋಲ್ಟೇಜು ವೇಗದ ಜೊತೆ ನೇರ ಪ್ರಮಾಣದಲ್ಲಿ ಏರಲಿಲ್ಲ, ಲಾಗರಿದಮ್ಮಿನ ಲೆಕ್ಕದಲ್ಲಿ ಏರಿತು. ಅದೂ ವೇಗ ಸುಮಾರು ಹತ್ತು ಲಕ್ಷ ಪಟ್ಟು ಬದಲಾಗುವಷ್ಟು ವಿಶಾಲ ವ್ಯಾಪ್ತಿಯಲ್ಲಿ. ವೇಗ ಹತ್ತು ಪಟ್ಟಾದರೂ ಪ್ರತಿ ಸಲ ಕೂಡುವುದು ಅಷ್ಟೇ ಅಲ್ಪ ವೋಲ್ಟೇಜು. ಹೀಗಾಗಿ ನದಿಯನ್ನೇ ಹರಿಸಿದರೂ ಇದು ಗೋಕಾಕದ ಟರ್ಬೈನಿಗೆ ಸಾಟಿಯಾಗದು. ತೀರ ನಿಧಾನದ ಹರಿವನ್ನು ಅಳೆಯಲು ಮಾತ್ರ ಇದೇ ಗುಣ ವರ. ಲೇಖಕರು ಶಕ್ತಿ ಪರಿವರ್ತನೆಯ ಸಾಧ್ಯತೆಯನ್ನು ಹೆಸರಿಸಿದರೂ, ಪ್ರಬಂಧದ ಶೀರ್ಷಿಕೆಗೆ ಹರಿವಿನ ಸಂವೇದಕಗಳನ್ನೇ ಆರಿಸಿದ್ದು ಸರಿಯಾಗಿಯೇ ಇತ್ತು.

ಮರುವರ್ಷ ಸೂದ್ ಮತ್ತು ಘೋಷ್ ಗಾಳಿಯ ಕಡೆ ತಿರುಗಿದರು. ಸೆಕೆಂಡಿಗೆ ಕೆಲವೇ ಮೀಟರ್ ವೇಗದ ಅನಿಲವೂ ನ್ಯಾನೋ ಕೊಳವೆ, ಅರೆವಾಹಕಗಳ ಮೇಲೆ ವೋಲ್ಟೇಜ್ ಹುಟ್ಟಿಸಿತು. ಇಲ್ಲಿ ಕಾರಣ ಬೇರೆ: ಹರಿವಿನಲ್ಲಿ ಒತ್ತಡ ಬದಲಾದಂತೆ ತಾಪವೂ ತುಸು ಬದಲಾಗುತ್ತದೆ, ಆ ತಾಪದ ಅಂತರವೇ ವಿದ್ಯುತ್ತಾಗುತ್ತದೆ.

ಮುಂದಿನ ಹೆಜ್ಜೆಗಳು ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಬಿದ್ದವು. ಝೊಂಗ್ ಲಿನ್ ವಾಂಗ್ ತಂಡ 2006ರಲ್ಲಿ ಸತುವಿನ ಆಕ್ಸೈಡಿನ ನ್ಯಾನೋ ತಂತಿಗಳನ್ನು ಬಾಗಿಸಿ ವಿದ್ಯುತ್ತು ಪಡೆಯಿತು. 2012ರಲ್ಲಿ ಎರಡು ಪಾಲಿಮರ್ ಹಾಳೆಗಳ ತಿಕ್ಕಾಟದಿಂದ ಪಡೆಯಿತು. ಎರಡನೆಯದರ ಮೂಲ ವಿದ್ಯಮಾನ ನೇಕಾರರಿಗೆ ಪರಿಚಿತ ಕಾಟವೇ. ಒಣ ಹವೆಯಲ್ಲಿ ಪಾಲಿಯೆಸ್ಟರ್ ನೂಲು ಉಜ್ಜಿಕೊಂಡು ಆವೇಶಗೊಳ್ಳುತ್ತದೆ, ಎಳೆಗಳು ಅಂಟಿಕೊಳ್ಳುತ್ತವೆ. ತಿಕ್ಕಾಟದ ಜನಕದಿಂದ ವೋಲ್ಟೇಜು ಧಾರಾಳವಾಗಿ ಸಿಗುತ್ತದೆ, ಕರೆಂಟು ಅತ್ಯಲ್ಪ. ಅದೂ ಬಿಟ್ಟುಬಿಟ್ಟು ಬರುವುದರಿಂದ ಮೊದಲು ಏಕಮುಖಗೊಳಿಸಿ ಕೆಪಾಸಿಟರಿನಲ್ಲಿ ಕೂಡಿಡಬೇಕು. ಹಾಗಾಗಿ ಅದರಿಂದ ಸದ್ಯಕ್ಕೆ ನಿರೀಕ್ಷಿಸಬಹುದಾದದ್ದು ಪುಟ್ಟ ಸಂವೇದಕಗಳಿಗೆ, ಮೈಮೇಲೆ ತೊಡುವ ಉಪಕರಣಗಳಿಗೆ ಸಾಲುವಷ್ಟು ವಿದ್ಯುತ್ತು.