‘ತಾತ್ಕಾಲಿಕ’ ಎಂಬ ವಿಶೇಷಣ

ವಿಶೇಷಣಗಳನ್ನು ಮಿತವಾಗಿ ಬಳಸಬೇಕೆಂದು ನಾವು ಕನ್ನಡದ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವರು. ಆದರೆ ಒಂದು ಬರಹದ ಪ್ರಾಮಾಣಿಕತೆಯೆಲ್ಲ ಒಂದೇ ವಿಶೇಷಣವನ್ನು ಆಶ್ರಯಿಸಿ ನಿಲ್ಲುವುದೂ ಉಂಟು. ಅಂಥದೊಂದು ಪದದ ಕಥೆಯನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ. 1948ರ ಜೂನ್ ತಿಂಗಳಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಪತ್ರಿಕೆಯಲ್ಲಿ ಮಕ್ಕಳ ರಕ್ತದ ಕ್ಯಾನ್ಸರನ್ನು ಕುರಿತ ಒಂದು ಲೇಖನ ಪ್ರಕಟವಾಯಿತು. ಹೊಸ ಔಷಧಿಯೊಂದರಿಂದ ರೋಗ ಹಿಮ್ಮೆಟ್ಟಿದ್ದನ್ನು ಅದು ಲೋಕಕ್ಕೆ ತಿಳಿಸಿತು. ಅದರ ಶೀರ್ಷಿಕೆಯ ಮೊಟ್ಟಮೊದಲ ಪದ, ‘ತಾತ್ಕಾಲಿಕ’.

ಆ ಕಾಲದಲ್ಲಿ ಕ್ಯಾನ್ಸರಿಗೆ ಇದ್ದ ಉಪಾಯಗಳು ಮುಖ್ಯವಾಗಿ ಎರಡು: ಶಸ್ತ್ರಚಿಕಿತ್ಸೆ ಮತ್ತು ವಿಕಿರಣ. ಗಡ್ಡೆಯಾಗಿದ್ದರೆ ಕತ್ತರಿಸಬಹುದು, ಸುಡಬಹುದು. ರಕ್ತದೊಡನೆಯೇ ಮೈಯೆಲ್ಲ ಹರಿಯುವ ರೋಗವನ್ನು ಎಲ್ಲಿ ಹಿಡಿದು ಕತ್ತರಿಸುವುದು? ತೀವ್ರ ಸ್ವರೂಪದ ರಕ್ತದ ಕ್ಯಾನ್ಸರ್ ತಗುಲಿದ ಮಗು ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ ತೀರಿಹೋಗುತ್ತಿತ್ತು.

ಆ ಲೇಖನದ ಮೂಲಕರ್ತರು ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ರೋಗಲಕ್ಷಣಶಾಸ್ತ್ರಜ್ಞರಾಗಿದ್ದ ಸಿಡ್ನಿ ಫಾರ್ಬರ್. ಅವರ ಪ್ರಯೋಗದ ಎಳೆಯೊಂದು ನಮ್ಮ ಮುಂಬಯಿಯವರೆಗೂ ಚಾಚಿಕೊಂಡಿದೆ. ಅಲ್ಲಿನ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯು ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1931ರಲ್ಲಿ ಪ್ರಕಟಿಸಿದ್ದರು. ಆ ಸಾರದಲ್ಲಿದ್ದ ಸತ್ತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ರಕ್ತವನ್ನು ಸರಿಪಡಿಸುವ ಈ ವಸ್ತು ಕೆಟ್ಟ ರಕ್ತವನ್ನೂ ಸರಿಪಡಿಸೀತೆಂದು ಫಾರ್ಬರ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಆದದ್ದು ವಿಪರೀತ: ರೋಗ ತಗ್ಗುವ ಬದಲು ಮತ್ತಷ್ಟು ವೇಗ ಪಡೆದಂತೆ ಕಂಡಿತು. ಇದನ್ನು ನಾವು ಮರೆಯಬಾರದು. ಆಶೆಯಿಂದ ಹೊರಟ ಆ ಪ್ರಯೋಗದ ಬೆಲೆಯನ್ನು ರೋಗಿಗಳು ತೆತ್ತರು.

ಫಾರ್ಬರ್ ಆ ವೈಫಲ್ಯವನ್ನು ಮುಚ್ಚಿಡದೆ ಅದರಿಂದಲೇ ಮುಂದಿನ ಪ್ರಶ್ನೆಯನ್ನು ತೆಗೆದರು. ಫೋಲಿಕ್ ಆಮ್ಲ ರೋಗಕ್ಕೆ ಆಹಾರವಾಗುವುದಾದರೆ, ಅದನ್ನು ತಡೆಯುವ ವಸ್ತು ರೋಗವನ್ನು ಉಪವಾಸ ಕೆಡವಲಾರದೆ? ಅಂಥ ವಸ್ತುವನ್ನು ಒದಗಿಸಿದ್ದು ಲೆಡರ್ಲೆ ಸಂಸ್ಥೆಯ ಪ್ರಯೋಗಾಲಯ. ಅಲ್ಲಿನ ಸಂಶೋಧನೆಯ ನಾಯಕರು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯವಿದ್ಯೆ ಕಲಿತು ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್. ಅವರ ತಂಡ ಕಳುಹಿಸಿದ ಔಷಧಿಯ ಹೆಸರು ಅಮಿನೊಪ್ಟೆರಿನ್.

ಫಾರ್ಬರರ ಈ ಕೆಲಸ ಸಹವೈದ್ಯರಲ್ಲಿ ಹಲವರಿಗೆ ಒಪ್ಪಿಗೆಯಾಗಲಿಲ್ಲ. ಹೇಗೂ ಉಳಿಯದ ಮಕ್ಕಳನ್ನು ವಿಷಪ್ರಾಯವಾದ ಮದ್ದಿನಿಂದ ಏಕೆ ಹಿಂಸಿಸಬೇಕು, ನೆಮ್ಮದಿಯಿಂದ ಕಣ್ಣುಮುಚ್ಚಲು ಬಿಡಬಾರದೇ ಎಂಬುದು ಅವರ ಭಾವನೆ. ಅದು ಕಲ್ಲೆದೆಯ ಮಾತಲ್ಲ. ಕರುಣೆಯೇ ಅವರ ಬಾಯಲ್ಲಿ ಸಂಶಯವಾಗಿತ್ತು. ಮದ್ದು ಕೊಟ್ಟದ್ದು 16 ಮಕ್ಕಳಿಗೆ. ಅವರಲ್ಲಿ 10 ಮಕ್ಕಳು ಚೇತರಿಸಿಕೊಂಡರು. ಆದರೆ ಕೆಲವು ತಿಂಗಳುಗಳಲ್ಲಿ ರೋಗ ಮರಳಿ ಬಂತು.

ಆ ಶೀರ್ಷಿಕೆಯನ್ನು ಈಗ ಮತ್ತೊಮ್ಮೆ ನೆನೆಯೋಣ. ಹಿಂದೆ ಯಾರೂ ಕಾಣದಿದ್ದುದನ್ನು ಕಂಡ ವೈದ್ಯನೊಬ್ಬ ಹಿಗ್ಗಿ ಎರಡು ಮಾತು ಹೆಚ್ಚಿಗೆ ಹೇಳಿದ್ದರೆ ಲೋಕ ಕ್ಷಮಿಸುತ್ತಿತ್ತು. ಆದರೆ ಲೇಖನ ತನ್ನ ಮಿತಿಯನ್ನು ಮೊದಲ ಪದದಲ್ಲೇ ಸಾರಿತು. ಮದ್ದಿನ ವಿಷಗುಣವನ್ನೂ ಹೇಳಿತು. ಆ ಪದದಲ್ಲಿ ಆಶೆ, ಸಂಶಯ ಎರಡೂ ಒಂದೇ ಮನೆಯಲ್ಲಿವೆ. ‘ತಾತ್ಕಾಲಿಕ’ ಎಂದಾಗ ‘ಸ್ವಲ್ಪ ಕಾಲವಾದರೂ’ ಎಂದು ಆಶೆ ಓದಿಕೊಳ್ಳುತ್ತದೆ. ‘ಸ್ವಲ್ಪ ಕಾಲ ಮಾತ್ರ’ ಎಂದು ಸಂಶಯ ಓದಿಕೊಳ್ಳುತ್ತದೆ. ಮುಂದಿನವರಿಗೆ ಕೆಲಸ ಕೊಟ್ಟದ್ದು ಈ ಎರಡನೆಯ ಓದು. ರೋಗ ಏಕೆ ಮರಳುತ್ತದೆ, ಹಲವು ಮದ್ದುಗಳನ್ನು ಕೂಡಿಸಿ ಕೊಟ್ಟರೆ ಏನಾದೀತು ಎಂದು 1950 ಮತ್ತು 60ರ ದಶಕಗಳಲ್ಲಿ ಹೋಲಿಸಿ ಹೋಲಿಸಿ ಪರೀಕ್ಷಿಸಿದರು. 1970ರ ದಶಕದ ಆರಂಭದ ವೇಳೆಗೆ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಗುಣಹೊಂದುವ ಮಟ್ಟಕ್ಕೆ ಬಂದಿತ್ತು. ಇಂದು ಸಿರಿವಂತ ದೇಶಗಳಲ್ಲಿ ಮಕ್ಕಳಿಗೆ ಬರುವ ಈ ರೋಗದ ಮುಖ್ಯ ಪ್ರಭೇದದಲ್ಲಿ 100ಕ್ಕೆ ಸುಮಾರು 90 ಮಕ್ಕಳು ಬದುಕುತ್ತಾರೆ. ಅಮಿನೊಪ್ಟೆರಿನ್ನಿನ ಸೋದರ ಔಷಧಿಯಾದ ಮೆಥೊಟ್ರೆಕ್ಸೇಟ್ ಈಗಲೂ ಬಳಕೆಯಲ್ಲಿದೆ.

ಆ ಒಂದು ಪದ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವಿದೆ. 1980ರ ದಶಕದಿಂದ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಒಂದು ಘೋರ ಚಿಕಿತ್ಸೆ ಪ್ರಚಾರಕ್ಕೆ ಬಂತು. ರೋಗಿಯ ಅಸ್ಥಿಮಜ್ಜೆಯನ್ನು ಮೊದಲೇ ತೆಗೆದಿರಿಸಿ, ಅತ್ಯಧಿಕ ಪ್ರಮಾಣದಲ್ಲಿ ಮದ್ದು ಕೊಟ್ಟು, ಅನಂತರ ಮಜ್ಜೆಯನ್ನು ಮರಳಿಸುವ ವಿಧಾನ ಅದು. ಮದ್ದು ಹೆಚ್ಚಿದಷ್ಟೂ ಗುಣ ಹೆಚ್ಚು ಎಂಬ ತರ್ಕ ಎಲ್ಲರಿಗೂ ಹಿಡಿಸಿತು. ವಿಮಾ ಕಂಪನಿಗಳು ಹಣ ಕೊಡಲೊಪ್ಪದಾಗ ಜನ ನ್ಯಾಯಾಲಯದ ಮೆಟ್ಟಿಲೇರಿದರು. 1993ರಲ್ಲಿ ಕ್ಯಾಲಿಫೋರ್ನಿಯದ ಜ್ಯೂರಿಯೊಂದು 8 ಕೋಟಿ 90 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಆದರೆ ಹಳೆಯ ಚಿಕಿತ್ಸೆಯೊಡನೆ ಹೋಲಿಸಿ ನೋಡುವ ಪರೀಕ್ಷೆಗೆ ಸೇರುವವರೇ ವಿರಳವಾದರು. ಚೀಟಿ ಎತ್ತಿದಂತೆ ತಮ್ಮ ಪಾಲಿಗೆ ಹಳೆಯ ಚಿಕಿತ್ಸೆ ಬಂದೀತೆಂದು ಅವರಿಗೆ ಭಯ. ಸಾಯುವ ಭಯದಲ್ಲಿರುವವರನ್ನು ಇದಕ್ಕಾಗಿ ದೂರುವ ಎದೆ ಯಾರಿಗಿದೆ?

ಕೊನೆಗೆ 1999ರಲ್ಲಿ ಐದು ಪರೀಕ್ಷೆಗಳ ಫಲಿತಾಂಶ ಹೊರಬಿದ್ದಾಗ, ನಾಲ್ಕರಲ್ಲಿ ವಿಶೇಷ ಲಾಭವೇನೂ ಕಾಣಲಿಲ್ಲ. ಲಾಭ ಉಂಟೆಂದ ಐದನೆಯದು ಜೊಹಾನ್ಸ್‌ಬರ್ಗಿನ ವೆರ್ನರ್ ಬೆಜ್ವೋಡಾ ಎಂಬ ವೈದ್ಯರದು. 2000ದಲ್ಲಿ ಅಮೆರಿಕದ ತಂಡವೊಂದು ಅಲ್ಲಿಗೆ ಹೋಗಿ ದಾಖಲೆಗಳನ್ನು ತೆರೆಸಿದಾಗ ಮೋಸ ಬಯಲಾಯಿತು. ಅಷ್ಟರಲ್ಲಿ 30 ಸಾವಿರಕ್ಕೂ ಹೆಚ್ಚು ಸ್ತ್ರೀಯರು ಆ ಯಾತನೆಯನ್ನು ಅನುಭವಿಸಿದ್ದರು. ಚಿಕಿತ್ಸೆಯಿಂದಲೇ ಅಸುನೀಗಿದವರೂ ಅವರಲ್ಲಿದ್ದರು.

ಈ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ತೋರುವುದಿಷ್ಟು. ಬಾಸ್ಟನ್ನಿನ ಸಂಶಯ ಗೆದ್ದಿದ್ದರೆ ಪ್ರಯೋಗವೇ ನಡೆಯುತ್ತಿರಲಿಲ್ಲ. ಎರಡನೆಯ ಕಥೆಯಲ್ಲಿ ಸಂಶಯಕ್ಕೆ ಬಾಗಿಲು ಮುಚ್ಚಿದ್ದರಿಂದ ಹತ್ತು ವರ್ಷ ಸತ್ಯ ಹೊರಗೇ ಕಾದು ನಿಂತಿತು. ಪ್ರಯೋಗಕ್ಕೆ ಆಶೆ ಬೇಕು. ಪ್ರಯೋಗದ ಲೆಕ್ಕ ಬರೆಯುವಾಗ ಸಂಶಯ ಬೇಕು.

ಇಂದು ರೋಗಿಯದೇ ರಕ್ಷಕಕಣಗಳನ್ನು ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಹಾಯಿಸುವ ಚಿಕಿತ್ಸೆಗಳು ಬಂದಿವೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರದಲ್ಲಿ ರೂಪುಗೊಂಡ ಅಂಥದೊಂದು ಚಿಕಿತ್ಸೆಗೆ 2023ರಲ್ಲಿ ನಮ್ಮ ದೇಶದಲ್ಲಿ ಅನುಮತಿ ದೊರೆತಿದೆ. ಇಂಥ ಸುದ್ದಿ ಓದಿದಾಗ ಯಾರಿಗಾದರೂ ಮನಸ್ಸು ಹಿಗ್ಗಬೇಕಾದದ್ದೇ. ಜೊತೆಗೆ ಕೇಳಬೇಕಾದ ಪ್ರಶ್ನೆಗಳೂ ಇವೆ: ಎಷ್ಟು ಮಂದಿಗೆ ಕೊಟ್ಟರು, ಎಷ್ಟು ಮಂದಿಗೆ ಗುಣ ಕಂಡಿತು, ಎಷ್ಟು ಕಾಲ ನಿಂತಿತು, ಯಾವುದರೊಡನೆ ಹೋಲಿಸಿದರು?

ಸುಬ್ಬರಾಯರು ಆ ಲೇಖನ ಅಚ್ಚಾದ ಎರಡು ತಿಂಗಳಿಗೆ, 1948ರ ಆಗಸ್ಟಿನಲ್ಲಿ, ತೀರಿಕೊಂಡರು. ಗುಣವಾಗಿ ಬೆಳೆದು ದೊಡ್ಡವರಾದ ಮಕ್ಕಳನ್ನು ಅವರು ನೋಡಲಿಲ್ಲ. ಅವರು ಕಂಡದ್ದು ‘ತಾತ್ಕಾಲಿಕ’ವನ್ನು ಮಾತ್ರ.